ಕುವೈತಿನಲ್ಲಿ ನಾನು ಕಾಯದ ಕುರಿಗಳು

ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ನಾನು ಓದು ನಿಲ್ಲಿಸಿದೆ. ನಿಲ್ಲಿಸಿದೆ ಎಂದು ಈಗ ಗತ್ತಿನಲ್ಲಿ ಹೇಳುತ್ತೇನೆ. ನಿಜವಾಗಿ ಓದೇ ನನ್ನನ್ನು ನಿಲ್ಲಿಸಿತು. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನದ ಪೇಪರು ಕೈಕೊಟ್ಟಿತು. ಗಣಿತದಲ್ಲಿ ಫೇಲಾದವರಿಗೆ ನಮ್ಮ ಚಿಂತಾಮಣಿಯಲ್ಲಿ ಒಂದು ಬಗೆಯ ಮರ್ಯಾದೆ ಇತ್ತು. ಪಾಪ, ಲೆಕ್ಕ ಎಲ್ಲರಿಗೂ ಒಲಿಯೋದಿಲ್ಲ ಎನ್ನುತ್ತಿದ್ದರು. ಸಮಾಜದಲ್ಲಿ ಫೇಲಾದವನಿಗೆ ಅದೂ ಇಲ್ಲ. ನಕ್ಷೆಯಲ್ಲಿ ಗೋದಾವರಿಯನ್ನು ಗುರುತಿಸಿ ಎಂದಿದ್ದರು. ನಾನು ಎಳೆದ ಗೋದಾವರಿ ಸಮುದ್ರದಿಂದ ಹೊರಟು ಬೆಟ್ಟ ಹತ್ತಿತ್ತಂತೆ. ಮೇಷ್ಟರು ಇದನ್ನು ಊರಿಗೆಲ್ಲ ಹೇಳಿದರು. ಪುರಸಭೆಯಲ್ಲಿ ನೀರುಗಂಟಿಯಾಗಿದ್ದ ನಮ್ಮಪ್ಪ ಮಾತ್ರ ನನ್ನ ಪರ ನಿಂತರು. "ನದೀನೇ ಇಲ್ದಿರೋ ಜಿಲ್ಲೆ ಮಗು ಕೈಲಿ ನದಿ ಬರೀರಿ ಅಂದ್ರೆ ಹೆಂಗೆ ಬರೀತಾನೆ?" ಅಂದರು. ಮುಂದಿನ ತಿಂಗಳು ನಾನು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿ ನೀರು ಕೆಳಗಿಂದ ಮೇಲೆ ಹತ್ತುವುದನ್ನೇ ದಿನವೂ ನೋಡುತ್ತ, ನನ್ನ ಗೋದಾವರಿ ಅಷ್ಟೇನೂ ತಪ್ಪಲ್ಲ ಎನಿಸಿತು.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ನಲ್ಲಿ. ನೈರೋಬಿಯ ಕಿಲೆಲೆಶ್ವಾದಲ್ಲಿ ನಾವಿರುವ ಫ್ಲ್ಯಾಟಿನ ಬಚ್ಚಲಲ್ಲಿ ಎಲ್ಲರ ಮನೆಯಲ್ಲಿರುವಂತೆ ಎರಡು ನಲ್ಲಿಗಳಿವೆ. ಕೆಂಪು ಚುಕ್ಕೆಯದು ಬಿಸಿನೀರಿಗೆ, ನೀಲಿ ಚುಕ್ಕೆಯದು ತಣ್ಣೀರಿಗೆ. ನಾನು ಇಲ್ಲಿಗೆ ಬಂದು ಹತ್ತು ವರ್ಷವಾಯಿತು. ಇವತ್ತಿಗೂ ತಣ್ಣೀರು ಬೇಕೆಂದರೆ ನನ್ನ ಕೈ ಕೆಂಪಿನ ಕಡೆಗೇ ಹೋಗುತ್ತದೆ. ಇಲ್ಲಿ ಚಳಿಗಾಲವಾದ ಜುಲೈಯಲ್ಲಿ ಮುಖಕ್ಕೆ ಬಿಸಿನೀರು ಬಿದ್ದಾಗ ಬೆಚ್ಚಿ ಹಿಂದೆ ಸರಿಯುತ್ತೇನೆ. ಒಳಗಿನಿಂದ ಹೆಂಡತಿ ಸುಧಾಳ ಮಾತು ಬರುತ್ತದೆ.

"ರೀ, ಗೀಸರ್ ನೀರೆಲ್ಲ ಸುರೀತಿದೀರಾ? ಇದು ನಿಮ್ಮ ಕುವೈತಲ್ಲ."

ಕುವೈತಿನಲ್ಲಿ ಹನ್ನೊಂದು ವರ್ಷ ದುಡಿದವನಿಗೆ ಮಾತ್ರ ಬರುವ ರೋಗ ಇದು. ಅಲ್ಲಿ ಬೇಸಿಗೆಯಲ್ಲಿ ಮನೆಯ ತಾರಸಿಯ ಮೇಲಿರುವ ಟ್ಯಾಂಕಿನ ನೀರು ಅನ್ನ ಬೇಯುವಷ್ಟು ಕಾದಿರುತ್ತದೆ. ನೀಲಿ ನಲ್ಲಿ ತಿರುಗಿಸಿದರೆ ಚರ್ಮ ಸುಡುತ್ತದೆ. ಹಾಗಾಗಿ ಏಪ್ರಿಲ್ ಮುಗಿಯುತ್ತಿದ್ದಂತೆ ಜನ ಗೀಸರಿನ ಸ್ವಿಚ್ಚನ್ನು ಆರಿಸಿಬಿಡುತ್ತಾರೆ. ಗೀಸರು ಮನೆಯೊಳಗೆ, ಏಸಿಯ ತಂಪಿನಲ್ಲಿ ತೂಗುತ್ತಿರುತ್ತದಲ್ಲ, ಅದರೊಳಗಿನ ನೀರು ಮೆಲ್ಲಗೆ ಆರುತ್ತದೆ. ಆಗ ಕೆಂಪು ನಲ್ಲಿಯೇ ತಣ್ಣೀರು, ನೀಲಿ ನಲ್ಲಿಯೇ ಬಿಸಿನೀರು. ಬೇಸಿಗೆ ಮುಗಿಯುವವರೆಗೆ ಇಡೀ ದೇಶ ತಲೆಕೆಳಗಾಗಿ ಸ್ನಾನ ಮಾಡುತ್ತದೆ.

ಮೊನ್ನೆ ಒಂದು ಭಾನುವಾರ ನಾನು ಹೀಗೆ ಮುಖ ಸುಟ್ಟುಕೊಂಡು ಹೊರಗೆ ಬಂದರೆ, ಹದಿಮೂರು ವರ್ಷದ ಮಗಳು ಧೃತಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವಳು ಇಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಪಪ್ಪಾ, ಯುವರ್ ಕಂಟ್ರಿ ಈಸ್ ಇನ್ ಮೈ ಬುಕ್," ಅಂದಳು.

ಇಂಡಿಯಾ ಇರಬೇಕು ಎಂದು ಬಗ್ಗಿ ನೋಡಿದೆ. ಕುವೈತು. ಭೂಗೋಳ, ಆರ್ಥಿಕತೆ, ಸರ್ಕಾರ ಎಂದು ಮೂರು ತಲೆಬರಹ. ಒಂದೊಂದರ ಕೆಳಗೆ ನಾಲ್ಕು ಸಾಲು. ಒಟ್ಟು ಅರ್ಧ ಪುಟ, ಉಳಿದರ್ಧದಲ್ಲಿ ಒಂಟೆಯ ಚಿತ್ರ. ನನ್ನ ಹನ್ನೊಂದು ವರ್ಷ ಅರ್ಧ ಪುಟದಲ್ಲಿ ಮುಗಿದಿದ್ದು ನನಗೆ ಸರಿಬರಲಿಲ್ಲ. "ಪುಸ್ತಕ ಮುಚ್ಚು, ನಾನು ಹೇಳ್ತೀನಿ," ಅಂದೆ. ಸಮಾಜದಲ್ಲಿ ಫೇಲಾದವನು ಸಮಾಜದ ಪಾಠ ಹೇಳಲು ಕೂತದ್ದನ್ನು ನೋಡಿ ಸುಧಾ ಅಡುಗೆಮನೆಯಲ್ಲಿ ನಕ್ಕಿದ್ದು ಕೇಳಿಸಿತು.

ಪಾಠಕ್ಕೆ ಹೋಗುವ ಮುಂಚೆ ಒಂದು ವಿಷಯ ಹೇಳಿಬಿಡಬೇಕು. ಇಲ್ಲದಿದ್ದರೆ ಆ ಭಾನುವಾರ ನನಗೆ ಯಾಕೆ ನೆಮ್ಮದಿ ಇರಲಿಲ್ಲ ಎಂದು ನಿಮಗೆ ತಿಳಿಯುವುದಿಲ್ಲ. ನಾನು ಇಲ್ಲಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧ ಫ್ಯಾಕ್ಟರಿಯಲ್ಲಿ ನೀರಿನ ಪ್ಲಾಂಟಿನ ಇನ್‌ಚಾರ್ಜು. ಸಿರಪ್ಪಿಗೆ, ಮಾತ್ರೆಗೆ, ಪಾತ್ರೆ ತೊಳೆಯಲಿಕ್ಕೆ ಬೇಕಾದ ಶುದ್ಧ ನೀರು ನನ್ನ ಕೈಯಿಂದ ಹೋಗುತ್ತದೆ. ಅದೇ ವಾರದ ಗುರುವಾರ ಹೊರದೇಶದಿಂದ ಆಡಿಟರು ಬರುವವರಿದ್ದರು. ಅವರು ಒಪ್ಪಿದರೆ ಮಾತ್ರ ನಮ್ಮ ಔಷಧಕ್ಕೆ ಬೇರೆ ದೇಶಗಳ ಬಾಗಿಲು. ಆಡಿಟರು ಬಂದಾಗ ಯಂತ್ರಗಳನ್ನು ನೋಡುವಷ್ಟೇ ನೋಡುವುದು ಜನರ ಫೈಲುಗಳನ್ನು: ಯಾರು, ಏನು ಓದಿದ್ದಾರೆ, ಯಾವ ತರಬೇತಿ ಆಗಿದೆ. ನನ್ನ ಫೈಲಿನ ಮೊದಲ ಹಾಳೆಯಲ್ಲಿ, ವಿದ್ಯಾರ್ಹತೆ ಎಂಬಲ್ಲಿ, 'ಡಿಪ್ಲೊಮಾ' ಎಂದಿತ್ತು.

ಅದನ್ನು ಬರೆದದ್ದು ನಾನಲ್ಲ. ಏಳು ವರ್ಷದ ಹಿಂದೆ ಎಲ್ಲರ ಫೈಲು ಹೊಸದಾಗಿ ಮಾಡಿದಾಗ, ನಮ್ಮ ಮ್ಯಾನೇಜರು ಮೈಸೂರಿನ ಪ್ರಸಾದ್ ಸಾರ್ ನನ್ನ ಮೇಲಿನ ಪ್ರೀತಿಯಿಂದ ಟೈಪು ಮಾಡಿಸಿದ್ದರು. "ಎಸ್ಸೆಸ್ಸೆಲ್ಸಿ ಫೇಲ್ ಅಂತ ಹಾಕಿದ್ರೆ ಚೆನ್ನಾಗಿರಲ್ಲ ಕಣ್ರೀ. ಯಾರು ಕೇಳ್ತಾರೆ, ಸೈನ್ ಹಾಕಿ," ಅಂದಿದ್ದರು. ಸೈನು ಹಾಕಿದ್ದು ಮಾತ್ರ ನಾನೇ. ಸುಳ್ಳು ಯಾಕೆ ಹೇಳಲಿ, ಆ ದಿನ ಹಾಳೆಯನ್ನು ಎರಡು ಸಲ ಓದಿದೆ. ಸಂಜೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ, ಡಿಪ್ಲೊಮಾ ಆದವನ ಬೈತಲೆ ಹೀಗೇ ಇರುತ್ತದೇನೋ ಎಂದು ನೋಡಿಕೊಂಡೆ. ಆಮೇಲೆ ಮರೆತೆ. ಈಗ ಗುರುವಾರ ಹತ್ತಿರ ಬಂದಂತೆ ಆ ಮೂರೂವರೆ ಅಕ್ಷರ ಹಲ್ಲುನೋವಿನ ಹಾಗೆ ನೆನಪಾಗುತ್ತಿತ್ತು. ಅದು ಹೊರಬಿದ್ದರೆ ನನ್ನ ಕೆಲಸ ಹೋಗುತ್ತದೆ, ಇಡೀ ಫ್ಯಾಕ್ಟರಿಯ ಮಾತನ್ನೇ ಯಾರೂ ನಂಬುವುದಿಲ್ಲ.

ಇರಲಿ, ಭೂಗೋಳಕ್ಕೆ ಬರೋಣ.

"ಬುಕ್ ಸೇಸ್ ನೋ ರಿವರ್ಸ್, ನೋ ಲೇಕ್ಸ್," ಅಂದಳು ಧೃತಿ. "ದೆನ್ ವಾಟ್ ಡಿಡ್ ಯು ಡ್ರಿಂಕ್?"

ಸಮುದ್ರ ಕುಡಿದೆವು, ಅಂದೆ. ಕುವೈತಿನಲ್ಲಿ ಸಮುದ್ರದ ಉಪ್ಪು ತೆಗೆದು ಸಿಹಿನೀರು ಮಾಡುತ್ತಾರೆ. ಅದನ್ನು ತುಂಬಿಡಲು ಅಣಬೆಯ ಆಕಾರದ ದೊಡ್ಡ ದೊಡ್ಡ ನೀರಿನ ಗೋಪುರಗಳಿವೆ, ನೀಲಿ ಬಿಳಿ ಪಟ್ಟೆ ಬಳಿದಿರುತ್ತಾರೆ. ಬೇರೆ ಊರಿನಲ್ಲಿ ಗುಡ್ಡ ನೋಡಿ ದಿಕ್ಕು ಹೇಳುವಂತೆ ನಾವು ಆ ಅಣಬೆ ನೋಡಿ ದಿಕ್ಕು ಹೇಳುತ್ತಿದ್ದೆವು. ಗುಡ್ಡ ಇಲ್ಲವೇ ಇಲ್ಲ. ನೆಲ ಚಪಾತಿ ಲಟ್ಟಿಸಿದಂತಿದೆ. ಚಪಾತಿಯ ಮೇಲೆ ಹಿಟ್ಟು ಉದುರಿಸಿದಂತೆ ಆಗಾಗ ಧೂಳು ಏಳುತ್ತದೆ. ಆಗ ಮಧ್ಯಾಹ್ನವೇ ಕಿತ್ತಳೆ ಬಣ್ಣದ ಕತ್ತಲು, ಎದುರಿಗಿರುವ ಮನುಷ್ಯನನ್ನು ಕೆಮ್ಮಿನಿಂದ ಗುರುತು ಹಿಡಿಯಬೇಕು.

ನನ್ನ ಕೆಲಸ ಮನೆಗಳಿಗೆ ಪೈಪು, ಪಂಪು, ಟ್ಯಾಂಕು ಹಾಕುವುದು. ಅಲ್ಲಿ ಎಷ್ಟೋ ಕಡೆ ಎರಡು ಲೈನು ಇರುತ್ತದೆ. ಕುಡಿಯುವ ಸಿಹಿನೀರಿನದು ಒಂದು, ಗಿಡಕ್ಕೆ ಹಾಕುವ ಸವುಳು ನೀರಿನದು ಇನ್ನೊಂದು. ಸೇರಿದ ಮೊದಲ ತಿಂಗಳಲ್ಲಿ, ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ಅಬು ಫಹಾದನ ಮನೆಯಲ್ಲೇ ಕೈಚಳಕ ತೋರಿಸಲು ಹೋಗಿ, ಸವುಳು ಲೈನನ್ನು ಚಹಾ ಕಾಯಿಸುವ ಕೋಣೆಗೆ ಜೋಡಿಸಿಬಿಟ್ಟೆ. ಸಂಜೆ ಅತಿಥಿಗಳು ಬಂದರು. ಉಪ್ಪಿನ ಚಹಾ ಬಂತು. ಅರಬ್ಬರ ಮರ್ಯಾದೆ ನೋಡಿ, ಹನ್ನೆರಡು ಜನ ಹನ್ನೆರಡು ಲೋಟ ಕುಡಿದರು, ಒಬ್ಬನೂ ಮುಖ ಸಿಂಡರಿಸಲಿಲ್ಲ. ಅತಿಥಿಗಳು ಹೋದ ಮೇಲೆ ಅಬು ಫಹಾದ್ ನನ್ನನ್ನು ಕರೆದ. ಒಂದು ಲೋಟ ನನ್ನ ಕೈಗಿಟ್ಟ. ಎದುರಿಗೇ ನಿಂತು ಪೂರ್ತಿ ಕುಡಿಸಿದ. ಆಮೇಲೆ, ಅಲ್ಲಿಯವರು ಇಂಡಿಯಾದವರ ಜೊತೆ ಆಡುವ ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ, "ಮುಹಂದಿಸ್, ಸಕ್ಕರೆ ಸಾಕಾ?" ಎಂದು ಕೇಳಿದ. ಮುಹಂದಿಸ್ ಅಂದರೆ ಎಂಜಿನಿಯರು. ನನ್ನನ್ನು ಯಾರಾದರೂ ಎಂಜಿನಿಯರೆಂದು ಕರೆದದ್ದು ಅದೇ ಮೊದಲು.

ಆಮೇಲೆ ಆರ್ಥಿಕತೆ. ಪುಸ್ತಕದಲ್ಲಿ ತೈಲ ಎಂದು ಬರೆದು ಮುಗಿಸಿದ್ದರು. ತೈಲವನ್ನು ನಾನು ಕಣ್ಣಿನಿಂದ ನೋಡಿದ್ದೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ತೊಟ್ಟು ಕೂಡ ನನ್ನ ಕೈಗೆ ಅಂಟಲಿಲ್ಲ. ದೂರದಲ್ಲಿ ಉರಿಯುವ ಜ್ವಾಲೆ ಕಾಣುತ್ತಿತ್ತು, ಅಷ್ಟೇ. ಆದರೆ ಅದು ಎಲ್ಲದರಲ್ಲೂ ಇತ್ತು. ಬಾಟಲಿ ನೀರಿಗಿಂತ ಪೆಟ್ರೋಲು ಅಗ್ಗವಾಗಿತ್ತು. ಹಂಝಾಕ ಎಂಬ ಮಲಯಾಳಿ ಅಡುಗೆಯವನು ನನ್ನ ರೂಮಿನಲ್ಲಿದ್ದ. ಅವನು ಹೇಳುತ್ತಿದ್ದ: "ಇಲ್ಲಿ ಕಾರಿಗೆ ಬಾಯಾರಿದ್ರೆ ಚಿಂತೆ ಇಲ್ಲ ಮೋನೆ, ಮನುಷ್ಯನಿಗೆ ಬಾಯಾರಬಾರದು." ಊರಿನವರಿಗೆ ಸರ್ಕಾರಿ ನೌಕರಿ, ಉಳಿದ ಕೆಲಸಕ್ಕೆಲ್ಲ ನಮ್ಮಂಥ ಹೊರಗಿನವರು. ದೇಶದಲ್ಲಿ ದೇಶದವರಿಗಿಂತ ಹೊರಗಿನವರೇ ಹೆಚ್ಚು. ಮದುವೆ ಮನೆಯಲ್ಲಿ ಬೀಗರಿಗಿಂತ ಬಡಿಸುವವರು ಹೆಚ್ಚಿದ್ದ ಹಾಗೆ. ಊಟ ಚೆನ್ನಾಗಿಯೇ ಇರುತ್ತದೆ, ಪಂಕ್ತಿಯಲ್ಲಿ ಕೂರುವಂತಿಲ್ಲ ಅಷ್ಟೇ.

"ಅಂಡ್ ಗವರ್ನಮೆಂಟ್?" ಅಂದಳು. ಅವಳಿಗೆ ಬೇಗ ಮುಗಿಸಿ ಗೆಳತಿಯ ಮನೆಗೆ ಹೋಗುವ ಆತುರ.

ಸರ್ಕಾರದ ವಿಷಯದಲ್ಲಿ ನಾನು ಸ್ವಲ್ಪ ದೊಡ್ಡ ಮನುಷ್ಯ. ಅಮೀರರು ದೇಶದ ದೊರೆ. ಅವರ ಕೆಳಗೆ ಚುನಾಯಿತ ಸಭೆಯೊಂದಿತ್ತು. ಈಗ ಅಮೀರರು ಅದನ್ನು ವಿಸರ್ಜಿಸಿದ್ದಾರೆ. ನಾನಿದ್ದಾಗ ಆಗಾಗ ಚುನಾವಣೆ ಬರುತ್ತಿತ್ತು. ಆದರೆ ರಾಜಕೀಯ ನಡೆಯುತ್ತಿದ್ದುದು ಮನೆಗಳಲ್ಲಿ. ಅನುಕೂಲವಿದ್ದವರ ಮನೆಗೆ ಹೊಂದಿಕೊಂಡು ಒಂದು ದೊಡ್ಡ ಹಜಾರ, ಅದಕ್ಕೆ ದಿವಾನಿಯ ಎನ್ನುತ್ತಾರೆ. ಗೋಡೆಗುಂಟ ಮೆತ್ತೆ ಹಾಕಿರುತ್ತಾರೆ. ಗಂಡಸರು ಸಂಜೆ ಬಂದು ಕೂತು ಚಹಾ ಕುಡಿಯುತ್ತ ದೇಶದ ವಿಷಯ ಮಾತಾಡುತ್ತಾರೆ. ಅಭ್ಯರ್ಥಿಗಳು ಅಲ್ಲಿಗೇ ಓಟು ಕೇಳಲು ಬರುತ್ತಾರೆ. ಅಂಥ ಎಷ್ಟೋ ಹಜಾರಗಳ ಪೈಪು ನನ್ನ ಕೈಯಲ್ಲಿ ರಿಪೇರಿಯಾಗಿದೆ. ಒಬ್ಬ ಸದಸ್ಯರು ಭಾಷಣದ ನಡುವೆ ಸೋರುವ ಏಸಿಯ ಕೆಳಗಿಂದ ಸರಿದು ಕೂತಾಗ, ಬಕೆಟ್ಟು ಇಟ್ಟವನು ನಾನೇ. ಭಾಷಣ ನಿಲ್ಲಲಿಲ್ಲ. ತೊಟ್ಟಿಕ್ಕುವುದೂ ನಿಲ್ಲಲಿಲ್ಲ. ಚುನಾವಣೆಯ ಡೇರೆಗಳಲ್ಲಿ ಅನ್ನ, ಕುರಿಮಾಂಸ ರಾಶಿ ಹಾಕಿರುತ್ತಿದ್ದರು. ಓಟಿಲ್ಲದ ನಮಗೂ ತಟ್ಟೆ ಕೊಡುತ್ತಿದ್ದರು. ನಾನು ಮಾಂಸ ತಿನ್ನುವವನಲ್ಲ, ಅನ್ನದ ಮೇಲಿನ ದ್ರಾಕ್ಷಿ ಆರಿಸಿಕೊಂಡು ತಿಂದು ಪ್ರಜಾಪ್ರಭುತ್ವಕ್ಕೆ ಮರ್ಯಾದೆ ಕೊಟ್ಟೆ.

"ಪಪ್ಪಾ, ಬಟ್ ವಾಟ್ ವರ್ ಯು ದೇರ್? ಪ್ಲಂಬರ್ ಆರ್ ಎಂಜಿನಿಯರ್?"

ಮಕ್ಕಳು ಹೀಗೇ. ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನೇ ಕೇಳುತ್ತಾರೆ. ಹೇಳಬಾರದೆಂದಿದ್ದೆ. ಆದರೆ ಸರ್ಕಾರ ಎಂಬ ತಲೆಬರಹದ ಕೆಳಗೆ ಇದನ್ನು ಬಿಟ್ಟರೆ ಪಾಠ ಪೂರ್ತಿಯಾಗುವುದಿಲ್ಲ.

ಅಲ್ಲಿ ನಮ್ಮಂಥವರಿಗೆ ಸರ್ಕಾರ ಅಂದರೆ ಒಂದು ಕಾರ್ಡು. ಅದರಲ್ಲಿ ಹೆಸರು, ಫೋಟೋ, ಯಾರ ಜವಾಬ್ದಾರಿಯಲ್ಲಿ ಬಂದವನು, ಏನು ಕೆಲಸಕ್ಕೆ ಬಂದವನು ಎಲ್ಲ ಇರುತ್ತದೆ. ಅರಬ್ಬಿಯಲ್ಲಿದ್ದುದರಿಂದ ನನಗೆ ಓದಲು ಬರುತ್ತಿರಲಿಲ್ಲ. ಎಂಟು ತಿಂಗಳು ಅದನ್ನು ಎದೆಯ ಜೇಬಿನಲ್ಲಿಟ್ಟು ತಿರುಗಿದೆ. ಒಂದು ದಿನ ಹಂಝಾಕ ಕಾರ್ಡು ಇಸಿದುಕೊಂಡು ಓದಿದ. ಓದಿದವನೇ ನನ್ನ ಮುಖ ನೋಡಿ, "ಮ್ಯಾ..." ಅಂದ. ಕೆಲಸದ ಜಾಗದಲ್ಲಿ 'ಕುರಿ ಕಾಯುವವನು' ಎಂದಿತ್ತು.

ಆದದ್ದೇನೆಂದರೆ, ಅಬು ಫಹಾದನಿಗೆ ಮರುಭೂಮಿಯ ಅಂಚಿನಲ್ಲಿ ಒಂದು ಕುರಿದೊಡ್ಡಿ ಇತ್ತು. ಅದಕ್ಕೆ ಮೂವರು ಕುರಿಗಾಹಿಗಳನ್ನು ಕರೆಸಲು ಪರವಾನಗಿ ಸಿಕ್ಕಿತ್ತು. ಕುರಿ ಕಾಯಲು ಒಬ್ಬ ಸಾಕಾಗಿದ್ದ. ಉಳಿದ ಎರಡು ಜಾಗದಲ್ಲಿ ಒಬ್ಬ ಡ್ರೈವರನ್ನೂ ನನ್ನನ್ನೂ ಕರೆಸಿಕೊಂಡಿದ್ದ. ಅಂದಿನಿಂದ ರೂಮಿಗೆ ಕಾಲಿಟ್ಟಾಗಲೆಲ್ಲ ಹಂಝಾಕನ ಕುರಿಯ ಕೂಗು. ನಗು ಅವನಿಗೆ, ಬೆವರು ನನಗೆ. ಕಾರ್ಡಿನಲ್ಲಿ ಒಂದು, ಕೈಯಲ್ಲಿ ಇನ್ನೊಂದು ಕೆಲಸ ಎಂದು ಸಿಕ್ಕಿಬಿದ್ದರೆ ಮುಂದಿನ ವಿಮಾನ. ಒಂದು ಸಲ ಪೊಲೀಸಿನವನು ರಸ್ತೆಯಲ್ಲಿ ನಿಲ್ಲಿಸಿಯೇಬಿಟ್ಟ. ಕಾರ್ಡು ನೋಡಿದ, ನನ್ನ ಭುಜದ ಮೇಲಿನ ಪೈಪ್ ರೆಂಚು ನೋಡಿದ.

"ನಿನ್ನ ಕುರಿಗಳೆಲ್ಲಿ?" ಅಂದ.

"ಕುರಿಗಳಿಗೆ ಬಾಯಾರಿದೆ, ನೀರಿನ ಪೈಪು ಸರಿಮಾಡೋಕೆ ಹೋಗ್ತಿದೀನಿ," ಎಂದು ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ.

ಅವನು ನಕ್ಕು ಬಿಟ್ಟುಬಿಟ್ಟ. ನಾನು ಮೂಲೆ ತಿರುಗಿ ಒಂದು ಗೋಡೆಗೆ ಒರಗಿ ಕೂತೆ. ಆಮೇಲೆ ಹತ್ತು ವರ್ಷ, ಸೈರನ್ನು ಕೇಳಿದರೆ ಕೈ ತಾನಾಗಿ ಎದೆಯ ಜೇಬಿಗೆ ಹೋಗುತ್ತಿತ್ತು.

ಇಷ್ಟನ್ನೂ ತಮಾಷೆಯಾಗಿಯೇ ಹೇಳಿದ್ದೆ. ಧೃತಿ ಕುರಿಯ ಕೂಗಿಗೆ ನಕ್ಕಳು, ಪೊಲೀಸಿನವನಿಗೂ ನಕ್ಕಳು. ಆಮೇಲೆ ಪೆನ್ನು ಬಾಯಲ್ಲಿಟ್ಟುಕೊಂಡು ಯೋಚಿಸಿದಳು.

"ಬಟ್ ಪಪ್ಪಾ, ದ ಕಾರ್ಡ್ ವಾಸ್ ಲೈಯಿಂಗ್. ಅಂಡ್ ಯು ಕೆಪ್ಟ್ ಇಟ್."

"ನನಗೆ ಬೇರೆ ದಾರಿ ಇರಲಿಲ್ಲ ಪುಟ್ಟಿ."

"ಓಕೆ. ಬಟ್ ನೌ ಯು ಆರ್ ಫೈನ್, ನೋ? ನೌ ಎವ್ರಿಥಿಂಗ್ ಈಸ್ ಪ್ರಾಪರ್."

ಅವಳು ಪುಸ್ತಕ ಮುಚ್ಚಿ ಗೆಳತಿಯ ಮನೆಗೆ ಹೋದಳು. ನಾನು ಮೇಜಿನ ಹತ್ತಿರವೇ ಕೂತಿದ್ದೆ. ಸುಧಾ ಬಂದು ಎದುರಿಗೆ ಕಾಫಿ ಇಟ್ಟಳು. ಅವಳಿಗೆ ಫೈಲಿನ ವಿಷಯ ಗೊತ್ತಿತ್ತು.

"ಆರಿಹೋಗತ್ತೆ ಕುಡೀರಿ. ಆಮೇಲೆ ಪ್ರಸಾದ್ ಸಾರ್‌ಗೆ ಫೋನ್ ಮಾಡಿ," ಅಂದಳು.

ಫೋನು ಮಾಡಿದೆ. "ಸಾರ್, ಆ ಡಿಪ್ಲೊಮಾ ತೆಗೆಸ್ಬೇಕು," ಅಂದೆ.

"ಈಗ್ಯಾಕ್ರೀ ಕೆದಕ್ತೀರ, ಶಿವಣ್ಣ? ಗುರುವಾರ ಒಂದು ಕಳೀಲಿ."

"ಗುರುವಾರ ಅವ್ರು ಸರ್ಟಿಫಿಕೇಟ್ ತೋರ್ಸಿ ಅಂದ್ರೆ?"

"ಅಂದ್ರೆ ನೋಡ್ಕೊಳೋಣ. ಈಗ ತೆಗುದ್ರೆ ನೀವು ಎಸ್ಸೆಸ್ಸೆಲ್ಸಿ ಫೇಲ್ ಅಂತ ಆಗತ್ತೆ. ಆಮೇಲೆ ನಿಮ್ಮನ್ನ ಪ್ಲಾಂಟಲ್ಲಿ ಇಟ್ಕೊಳಕ್ಕೆ ನಂಗೆ ಆಗದೆ ಹೋದ್ರೆ ನನ್ನ ಬೈಕೋಬೇಡಿ."

"ಬೈಕೊಳಲ್ಲ ಸಾರ್."

ಸೋಮವಾರ ಬೆಳಿಗ್ಗೆ ದಾಖಲೆ ವಿಭಾಗದ ವಂಜೀರು ಅವರ ಮೇಜಿಗೆ ಹೋದೆ. ವಂಜೀರು ಊರಾಚೆಯ ಕಸರಾನಿಯಿಂದ ಎರಡು ಮಟಾಟು ಬಸ್ಸು ಬದಲಿಸಿ ಬಂದರೂ ಒಂದು ದಿನ ತಡವಾಗಿ ಬಂದವರಲ್ಲ. ನನ್ನನ್ನು ಅವರು ಫುಂಡಿ ಎಂದು ಕರೆಯುತ್ತಾರೆ. ಇಲ್ಲಿ ಕೈಕೆಲಸ ಬಲ್ಲ ಯಾರಿಗಾದರೂ ಆ ಹೆಸರು, ಓದಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಹಾಳೆ ತೆಗೆಸಿ, ವಿಷಯ ಹೇಳಿದೆ. ಹೊಸ ಹಾಳೆ ಕೊಡುತ್ತೀರಾ ಎಂದು ಕೇಳಿದೆ.

"ಹೊಸ ಹಾಳೆಯಾ? ಫುಂಡಿ, ಹತ್ತು ವರ್ಷ ಇಲ್ಲಿದ್ದು ಇಷ್ಟೂ ಗೊತ್ತಿಲ್ವಾ?" ಅಂದರು ಇಂಗ್ಲಿಷಿನಲ್ಲಿ. "ಇದೇ ಹಾಳೆ. ಒಂದೇ ಗೆರೆ."

ಗೊತ್ತಿಲ್ಲದೆ ಏನು. ಔಷಧ ಫ್ಯಾಕ್ಟರಿಯ ಮೊದಲ ಪಾಠ ಅದು. ಬರೆದದ್ದು ತಪ್ಪಾದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಕೆಳಗಿರುವ ತಪ್ಪನ್ನು ಯಾರು ಬೇಕಾದರೂ ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸೈನು, ತಾರೀಖು, ಕಾರಣ ಹಾಕಬೇಕು. ನೀರಿನ ಲಾಗ್‌ಬುಕ್ಕಿನಲ್ಲಿ ನಾನು ಇದನ್ನು ನೂರಾರು ಸಲ ಮಾಡಿದ್ದೇನೆ. ಎಂಬತ್ತೆರಡು ಡಿಗ್ರಿ ಬರೆಯುವಲ್ಲಿ ಇಪ್ಪತ್ತೆಂಟು ಬರೆದು, ಗೆರೆ ಎಳೆದು, ಮುಂದೆ ಹೋಗಿದ್ದೇನೆ. ಹೊಸದಾಗಿ ಸೇರಿದವರಿಗೆ ನಾನೇ ಹೇಳಿಕೊಟ್ಟಿದ್ದೇನೆ. ನನ್ನ ಮೇಲೆಯೇ ಆ ಗೆರೆ ಎಳೆಯುವುದು ಬೇರೆ ಎಂದು ಗೊತ್ತಿರಲಿಲ್ಲ.

ಪೆನ್ನು ಹಿಡಿದೆ. 'ಡಿಪ್ಲೊಮಾ'ದ ಮೇಲೆ ಎಡದಿಂದ ಬಲಕ್ಕೆ ಗೆರೆ ಎಳೆದೆ. ಗೆರೆ ಕೊನೆಯಲ್ಲಿ ಮೇಲಕ್ಕೆ ಹತ್ತಿತು. ಪಕ್ಕದಲ್ಲಿ 'ಒಂಬತ್ತನೇ ತರಗತಿ ಪಾಸು, ಹತ್ತನೆಯದು ಪಾಸಾಗಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದೆ. ಸೈನು, ತಾರೀಖು. ಕಾರಣ ಎಂಬಲ್ಲಿ ಪೆನ್ನು ನಿಂತಿತು.

"ಬರೆಯುವಾಗ ಆದ ತಪ್ಪು ಅಂತ ಹಾಕು," ಅಂದರು ವಂಜೀರು. "ಎಲ್ಲರೂ ಅದನ್ನೇ ಹಾಕೋದು."

ಆದರೆ ಅದು ಬರೆಯುವಾಗ ಆದ ತಪ್ಪಾಗಿರಲಿಲ್ಲ. 'ನಿಜವಲ್ಲ' ಎಂದು ಬರೆದೆ.

ವಂಜೀರು ಹಾಳೆ ತಿರುಗಿಸಿ ಓದಿದರು. "ಇಷ್ಟು ವರ್ಷದಲ್ಲಿ ಈ ಕಾರಣ ಯಾರೂ ಬರೆದಿಲ್ಲ," ಎಂದು ತಮ್ಮ ಸೈನು ಹಾಕಿ, "ಸವಾ, ಆಯ್ತು, ಹೋಗು, ನಿನ್ನ ಪಂಪು ಕೂಗ್ತಿದೆ," ಅಂದರು.

ಮೂರು ದಿನ ಪ್ರಸಾದ್ ಸಾರ್ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಗುರುವಾರ ಬಂತು. ಆಡಿಟರು ಬಿಳಿ ಕೂದಲಿನ ಹೆಂಗಸು, ಮೆಲ್ಲನೆಯ ದನಿ. ಅಂಥವರನ್ನು ಕಂಡರೆ ನನಗೆ ಹೆಚ್ಚು ಭಯ. ಮಧ್ಯಾಹ್ನ ಕರೆ ಬಂತು. ಕೋಣೆಯಲ್ಲಿ ಪ್ರಸಾದ್ ಸಾರ್ ಮತ್ತು ವಂಜೀರು ಕೂತಿದ್ದರು. ಮೇಜಿನ ಮೇಲೆ ನನ್ನ ಹಾಳೆ. ಆಕೆಯ ಬೆರಳು ಆ ಗೆರೆಯ ಮೇಲಿತ್ತು.

"ಇದನ್ನು ಬರೆದವರು ನೀವಾ?" ಎಂದು ಕೇಳಿದರು.

"ಗೆರೆ ನಂದು," ಅಂದೆ.

"ಕೆಳಗಿರೋದು ನಾನು ಟೈಪ್ ಮಾಡಿಸಿದ್ದು ಮೇಡಂ," ಅಂದರು ಪ್ರಸಾದ್ ಸಾರ್, ಯಾರೂ ಕೇಳದೆಯೇ. ಅವರ ಕಿವಿ ಕೆಂಪಾಗಿತ್ತು.

"ಸೈನು ನಂದು," ಅಂದೆ ನಾನು.

ಆಕೆ ತಲೆಯಾಡಿಸಿ ಮುಂದಿನ ಪುಟ ತಿರುವಿದರು. ಇಲ್ಲಿಗೆ ಬರುವ ಮುಂಚೆ ಎಲ್ಲಿದ್ದಿರಿ ಎಂದರು. ಕುವೈತು ಅಂದೆ. ಅಲ್ಲಿ ಏನು ಹುದ್ದೆ ಎಂದರು. ಪೈಪಿನ ಕೆಲಸ ಎನ್ನಬಹುದಿತ್ತು. ಆದರೆ ಒಂದು ಸಲ ನಿಜ ಹೇಳಿದ ಬಾಯಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

"ಮಾಡಿದ್ದು ನೀರಿನ ಕೆಲಸ. ಕಾರ್ಡಲ್ಲಿ ಇದ್ದದ್ದು ಕುರಿ ಕಾಯೋನು."

ವಂಜೀರು ಕೆಮ್ಮಿದರು. ಆಡಿಟರ ಮುಖ ಹಾಗೇ ಇತ್ತು. ಎದ್ದು ನಿಂತು, "ಪ್ಲಾಂಟು ತೋರಿಸಿ," ಅಂದರು.

ಅಲ್ಲಿ ಒಂದೂವರೆ ಗಂಟೆ. ನೀರು ಯಾಕೆ ಸದಾ ಸುತ್ತುತ್ತಿರಬೇಕು ಎಂದು ಕೇಳಿದರು. ನಿಂತ ನೀರಿನಲ್ಲಿ ಹುಳ ಬೆಳೆಯುತ್ತದೆ ಎಂದೆ. ಪೈಪಿನ ಕವಲು ಇಷ್ಟು ಗಿಡ್ಡ ಯಾಕೆ ಎಂದರು. ಕವಲು ಉದ್ದವಾದರೆ ನೀರು ಅಲ್ಲಿ ಹೋಗಿ ಮಲಗುತ್ತದೆ, ಎದ್ದು ಬರುವುದಿಲ್ಲ ಎಂದೆ. ಒಂದು ಪಂಪಿನ ಮುಂದೆ ನಿಂತಾಗ ಕೇಳದಿದ್ದರೂ ಹೇಳಿದೆ, ಇದರ ಬೇರಿಂಗು ಇನ್ನೆರಡು ವಾರ ಬರುತ್ತದೆ, ಬದಲಿಸಲು ಬರೆದುಕೊಟ್ಟಿದ್ದೇನೆ ಎಂದು. ಹೇಗೆ ಗೊತ್ತು ಎಂದರು. ಸದ್ದು, ಎಂದೆ. ಆಕೆ ಬಾಗಿ ಕಿವಿಗೊಟ್ಟರು. ಅವರಿಗೆ ಏನೂ ಕೇಳಿಸಲಿಲ್ಲ. ಲಾಗ್‌ಬುಕ್ಕು ತೆರೆದು ನಾನು ಬರೆದುಕೊಟ್ಟ ತಾರೀಖು ನೋಡಿಕೊಂಡರು. ಹತ್ತು ವರ್ಷದಲ್ಲಿ ನಾನು ಸೈನು ಹಾಕಿದ ತರಬೇತಿಯ ಹಾಳೆಗಳನ್ನೆಲ್ಲ ತರಿಸಿ ಒಂದೊಂದಾಗಿ ತಿರುವಿದರು.

ಕೋಣೆಗೆ ವಾಪಸು ಬಂದ ಮೇಲೆ ಆಕೆ ನಿಯಮದ ಪುಸ್ತಕ ತೆಗೆದು ಒಂದು ಸಾಲನ್ನು ಪ್ರಸಾದ್ ಸಾರ್ ಕಡೆಗೆ ತಿರುಗಿಸಿದರು. ಕೆಲಸಕ್ಕೆ ಬೇಕಾದ ಓದು, ತರಬೇತಿ, ಅನುಭವ, ಅಥವಾ ಇವುಗಳಲ್ಲಿ ಯಾವುದನ್ನಾದರೂ ಕೂಡಿಸಿದ್ದು, ಸಾಕು ಎಂದಿತ್ತು. ಅದು ಅಲ್ಲಿ ಮೊದಲಿನಿಂದಲೂ ಇತ್ತು. ನಾನು ಓದಿರಲಿಲ್ಲ, ಸರಿ. ಡಿಗ್ರಿ ಪಡೆದ ಪ್ರಸಾದ್ ಸಾರ್ ಕೂಡ ಓದಿರಲಿಲ್ಲ.

"ಈತನಿಗೆ ಡಿಪ್ಲೊಮಾ ಬೇಕಿರಲಿಲ್ಲ," ಅಂದರು ಆಕೆ. "ಬರೆದದ್ದು ದೊಡ್ಡ ತಪ್ಪು. ನಾನು ಬರುವ ಮುಂಚೆ ನೀವು ಸರಿಮಾಡದೆ ಇದ್ದು, ನಾನೇ ಇದನ್ನು ಹಿಡಿದಿದ್ದರೆ, ಉಳಿದ ಯಾವ ಹಾಳೆಯನ್ನೂ ನಂಬುತ್ತಿರಲಿಲ್ಲ." ಎಲ್ಲರ ಫೈಲನ್ನೂ ಒಂದು ತಿಂಗಳೊಳಗೆ ಮತ್ತೆ ತಾಳೆ ನೋಡಬೇಕು ಎಂದು ಪ್ರಸಾದ್ ಸಾರ್‌ಗೆ ಬರೆದುಕೊಟ್ಟರು. ನನ್ನ ಹೆಸರಿನ ಮುಂದೆ ಏನೂ ಬರೆಯಲಿಲ್ಲ.

ಹೊರಗೆ ಬಂದು ಟ್ಯಾಂಕಿನ ಹಿಂದಿನ ಕಟ್ಟೆಯ ಮೇಲೆ ಕೂತೆ. ಕುವೈತಿನಲ್ಲಿ ಪೊಲೀಸಿನವನು ಬಿಟ್ಟ ಮೇಲೂ ಹೀಗೇ ಗೋಡೆಗೆ ಒರಗಿ ಕೂತಿದ್ದೆ. ಅವತ್ತು ಮಾತ್ರ ಎದ್ದು ಮತ್ತೆ ಅದೇ ಕಾರ್ಡು ಜೇಬಿನಲ್ಲಿಟ್ಟುಕೊಂಡು ನಡೆಯಬೇಕಿತ್ತು. ಇವತ್ತು ಸುಮ್ಮನೆ ಕೂತಿರಬಹುದಿತ್ತು. ಕೂತೆ. ಪ್ರಸಾದ್ ಸಾರ್ ಎರಡು ಲೋಟ ಚಹಾ ಹಿಡಿದು ಹುಡುಕಿಕೊಂಡು ಬಂದರು. ಒಂದು ಕೊಟ್ಟು, ಪಕ್ಕದಲ್ಲಿ ಕೂತರು.

"ಕುರಿ ಕಾಯೋನು ಅಂತ ಹೇಳ್ಬೇಕಿತ್ತಾ ಶಿವಣ್ಣ?" ಅಂದರು.

"ಕೇಳಿದ್ರಲ್ಲ ಸಾರ್."

"ನನ್ನ ಪ್ರಾಣ ಹೋಗಿತ್ತು ಕಣ್ರೀ." ಸ್ವಲ್ಪ ಹೊತ್ತು ಚಹಾ ಕುಡಿದು, "ನನ್ನ ಫೈಲಲ್ಲೂ ಒಂದು ಕೋರ್ಸು ಜಾಸ್ತಿ ಇದೆ. ನಾಳೆ ವಂಜೀರು ಹತ್ರ ಹೋಗ್ಬೇಕು," ಅಂದರು.

ಆ ಸಂಜೆ ಧೃತಿಗೆ ಎಲ್ಲ ಹೇಳಿದೆ, ಒಂಬತ್ತನೇ ತರಗತಿಯನ್ನೂ ಸೇರಿಸಿ. ಅವಳಿಗೆ ಅದು ದೊಡ್ಡ ಸಂಗತಿ ಎನಿಸಲಿಲ್ಲ. ಗೋದಾವರಿ ಬೆಟ್ಟ ಹತ್ತಿದ ಕಥೆಯನ್ನು ಮಾತ್ರ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಕುವೈತಿನ ಪಾಠದ ಟೆಸ್ಟಿನ ಮಾರ್ಕು ತೋರಿಸಿದಳು, ಇಪ್ಪತ್ತಕ್ಕೆ ಹದಿನೇಳು. ಮೂರು ಎಲ್ಲಿ ಹೋಯಿತು ಎಂದು ಕೇಳಿದೆ. "ಯು ಟಾಕ್ಡ್ ಟೂ ಮಚ್, ಪಪ್ಪಾ. ಐ ರೋಟ್ ಟೂ ಮಚ್," ಅಂದಳು.

ಈಗ ನನ್ನಲ್ಲಿರುವುದು ಇಷ್ಟು. ಹೆಂಡತಿ ಒಬ್ಬಳು, ಮಗಳು ಒಬ್ಬಳು. ಎರಡು ಕೋಣೆಯ ಬಾಡಿಗೆ ಮನೆ. ಚಿಂತಾಮಣಿಯಲ್ಲಿ ಒಂದು ಸೈಟು. ಹಳೆಯ ಕಾರು ಒಂದು. ಕೈಕೆಳಗೆ ಕೆಲಸ ಕಲಿಯುವವರು ನಾಲ್ವರು. ನನ್ನವಲ್ಲದಿದ್ದರೂ ನಾನು ನೋಡಿಕೊಳ್ಳುವ ಪಂಪುಗಳು ಹದಿನಾಲ್ಕು. ಪಾಸಾದ ತರಗತಿ ಒಂಬತ್ತು. ನನ್ನ ಹೆಸರಿನಲ್ಲಿರುವ ಕಾಗದಗಳು ಐದು: ಪಾಸ್‌ಪೋರ್ಟು, ವರ್ಕ್ ಪರ್ಮಿಟ್ಟು, ಡ್ರೈವಿಂಗ್ ಲೈಸೆನ್ಸು, ಸೈಟಿನ ಪತ್ರ, ಫ್ಯಾಕ್ಟರಿಯ ಆ ಹಾಳೆ. ಐದರಲ್ಲೂ ಬರೆದಿರುವುದು ನಿಜ.